ದಿನಾ ಮಾಡುವ ಸಾಮು ತಾಲೀಮಾಗುವುದು ಯಾವಾಗ?

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದ ಹುಡುಗ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು, ಸುತ್ತಿಗೆ ಹೆಚ್ಚೆಂದರೆ 97 ಸೆಕೆಂಡು. ಹುಡುಗಿಯಾದರೆ 2 ನಿಮಿಷದಲ್ಲಿ 400 ಮೀಟರು. ಸೇನೆಯ ಅಗ್ನಿವೀರ ಭರ್ತಿ ಇನ್ನೂ ಬಿಗಿ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗಷ್ಟೇ ಪೂರ್ತಿ 60 ಅಂಕ. 2022ರ ಸೆಪ್ಟೆಂಬರಿನಲ್ಲಿ ಆ ಭರ್ತಿಯ ರ್ಯಾಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲೇ ನಡೆಯಿತು. ನಮ್ಮ ಕಡೆಯ ಹಳ್ಳಿ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮೈದಾನಗಳಲ್ಲಿ ನಸುಕಿಗೆ ಎರಡು ಗುಂಪು ಕಾಣುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ.ಗೆ ಹೆದರಿ ಅಥವಾ ವೈದ್ಯರ ಮಾತಿಗೆ ಓಗೊಟ್ಟು ನಡೆಯುವ ಹಿರಿಯರದು ಒಂದು, ನೌಕರಿಗಾಗಿ ಓಡುವ ಹುಡುಗರದು ಇನ್ನೊಂದು. ಇಬ್ಬರೂ ದಿನಾ ಬರುತ್ತಾರೆ, ಇಬ್ಬರೂ ಬೆವರು ಸುರಿಸುತ್ತಾರೆ. ಹಿರಿಯರಿಗೆ ಅವರು ಬೇಡಿದ್ದು ಬಹುಮಟ್ಟಿಗೆ ಸಿಗುತ್ತದೆ. ಹುಡುಗರಲ್ಲಿ ಎಷ್ಟೋ ಮಂದಿ ಮಾತ್ರ ಮೂರ್ನಾಲ್ಕು ತಿಂಗಳಾದ ಮೇಲೆ ಒಂದೇ ದೂರು ಹೇಳುತ್ತಾರೆ: “ದಿನಾ ಓಡ್ತೀನ್ರಿ ಸರ, ಆದ್ರೂ ಟೈಮ್ ಇಳೀವಲ್ದು.” ದಿನಾ ತಪ್ಪದೆ ಮಾಡಿದ್ದು ತರಬೇತಿ ಆಗಲಿಲ್ಲವೇ? ದೇಹವನ್ನು ಪಳಗಿಸುವ ವಿದ್ಯೆಯ ಚರಿತ್ರೆಯುದ್ದಕ್ಕೂ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಅದಕ್ಕೆ ಹಿಂದೆಯೇ ಉತ್ತರ ಕೊಟ್ಟವರಲ್ಲಿ ನಮ್ಮದೇ ನೆಲದವರೂ ಇದ್ದಾರೆ.

ಹಾವೇರಿಯ ಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವಿದೆ. ರಾಜನ ಮನರಂಜನೆಗೆಂದೇ ಬರೆದ ಭಾಗವಾದರೂ ಅದರ ಒಳಗಿರುವುದು ತರಬೇತಿಯ ವ್ಯವಸ್ಥೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಯಾರು ಏನು ತಿನ್ನಬೇಕು ಎಂದು ಹೇಳಲಾಗಿದೆ: ಬೇಳೆಕಾಳು, ಮಾಂಸ, ಹಾಲು, ಸಿಹಿ. ಆಮೇಲೆ ಶ್ರಮದ ಬಗೆಗಳು. ಭಾರ ಹೊರುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿನ ಬಲಕ್ಕೆ ಬಾಹುಪೆಲ್ಲಣಕ ಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಕೊನೆಯದನ್ನು ಮಲ್ಲಕಂಬದ ಹಳೆಯ ರೂಪವೆಂದು ಅನೇಕರು ಗುರುತಿಸುತ್ತಾರೆ. ಮೈದಣಿಸುವ ಕೆಲಸ ಎಲ್ಲವೂ ಒಂದೇ ಎಂದು ಆ ಗ್ರಂಥ ಭಾವಿಸಲಿಲ್ಲ. ಒಬ್ಬೊಬ್ಬನಿಗೂ ಬೇರೆ ಶ್ರಮ, ಒಂದೊಂದು ಶ್ರಮಕ್ಕೂ ಬೇರೆ ಫಲ. ಒಂಬತ್ತು ಶತಮಾನಗಳ ಹಿಂದೆ ಇಷ್ಟು ಸ್ಪಷ್ಟವಾಗಿ ವಿಂಗಡಿಸಿ ನೋಡಿದ್ದು ಸಣ್ಣ ಮಾತಲ್ಲ.

ಇದರ ಜೊತೆಗೇ ಆಯುರ್ವೇದದ ಮಾತನ್ನು ಇಟ್ಟು ನೋಡಬೇಕು, ಏಕೆಂದರೆ ಅದರ ಗುರಿ ಬೇರೆ. ವಾಗ್ಭಟನ ‘ಅಷ್ಟಾಂಗಹೃದಯ’ ವ್ಯಾಯಾಮವನ್ನು ದಿನಚರಿಯ ಅಧ್ಯಾಯದಲ್ಲಿ ಇಡುತ್ತದೆ. ಬಲವುಳ್ಳವರು, ಜಿಡ್ಡಿನ ಆಹಾರ ಉಣ್ಣುವವರು, ಚಳಿಗಾಲ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟು ಮಾಡಬೇಕು. ಉಳಿದ ಋತುಗಳಲ್ಲಿ ಇನ್ನೂ ಹಗುರ. ಅರ್ಧ ಶಕ್ತಿ ಮುಟ್ಟಿತೆಂದು ತಿಳಿಯಲು ಸುಶ್ರುತ ಸಂಪ್ರದಾಯ ಗುರುತನ್ನೂ ಕೊಟ್ಟಿದೆ: ಉಸಿರು ಬಾಯಿಗೆ ಬರುವ ಹೊತ್ತು. ಮಿತಿ ಮೀರಿ ಶ್ರಮಪಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನೆ ಎಂಬ ಎಚ್ಚರಿಕೆ ವಾಗ್ಭಟನದು. ಇದು ಬದುಕಿಡೀ ಮಾಡಬೇಕಾದ ವ್ಯಾಯಾಮದ ಅಳತೆ. ಪಂದ್ಯ ಗೆಲ್ಲಬೇಕಾದ ಮಲ್ಲನಿಗೆ ಬರೆದದ್ದಲ್ಲ. ಒಂದೇ ನಾಡಿನಲ್ಲಿ ವೈದ್ಯನಿಗೊಂದು ಮತ, ಮಲ್ಲನ ಗುರುವಿಗೊಂದು ಮತ ಇತ್ತು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿದ್ದವು.

ಗರಡಿ ಮನೆಗಳಲ್ಲಿ ಆ ಎರಡನೆಯ ಮತ ನಮ್ಮ ಕಾಲದವರೆಗೆ ಉಳಿದುಬಂತು. ಗರಡಿಗೆ ಹೋಗುವವನು ದಿನಾ ಹೋಗುತ್ತಿದ್ದ, ಹಬ್ಬ ಹುಣ್ಣಿಮೆ ಬಿಟ್ಟು. ಆದರೆ ದಿನಾ ಒಂದೇ ಸಾಮು ಮಾಡುತ್ತಿರಲಿಲ್ಲ. ಹೊಸ ಹುಡುಗನನ್ನು ಮೊದಲು ಮಟ್ಟಿ ಅಗೆಯಲು ಹಚ್ಚುತ್ತಿದ್ದರು. ಸೊಂಟ, ಬೆನ್ನು, ತೋಳಿಗೆ ಅದೇ ಮೊದಲ ಪಾಠ. ದಂಡ, ಬಸ್ಕಿ ಹತ್ತಿಪ್ಪತ್ತರಿಂದ ಶುರುವಾಗಿ ವಾರಗಳ ಮೇಲೆ ವಾರ ಏರುತ್ತಿದ್ದವು. ಗದೆ ತಿರುಗಿಸುವವನಿಗೆ ಹಗುರದ್ದು ಮೊದಲು, ತೋಳು ನೆಟ್ಟಗೆ ನಿಂತ ಮೇಲೆ ಭಾರದ್ದು. ಊರ ಕಟ್ಟೆಯ ಬಳಿ ಬಿದ್ದಿರುತ್ತಿದ್ದ ಗುಂಡುಗಳಲ್ಲೂ ಸಣ್ಣದು, ನಡುವಿನದು, ದೊಡ್ಡದು ಇರುತ್ತಿದ್ದವು. ಸಣ್ಣದನ್ನು ಎದೆಮಟ್ಟ ಎತ್ತಿದವನಷ್ಟೇ ನಡುವಿನದಕ್ಕೆ ಕೈ ಹಾಕುತ್ತಿದ್ದ. ಜಾತ್ರೆಯ ಕುಸ್ತಿ ಹತ್ತಿರ ಬಂದಂತೆ ಬಸ್ಕಿಯ ಲೆಕ್ಕಕ್ಕಿಂತ ಪಟ್ಟಿನ ಜೋರು ಹೆಚ್ಚುತ್ತಿತ್ತು. ಇದೆಲ್ಲವನ್ನೂ ನೋಡಿ ನಿರ್ಧರಿಸುವವನು ಉಸ್ತಾದ. ಹುಡುಗನ ಉಸಿರು, ಮುಖದ ಕಳೆ, ನಿನ್ನೆಯ ಊಟ, ನಿದ್ದೆ ಎಲ್ಲ ಅವನ ಕಣ್ಣಳತೆಯಲ್ಲಿ ಇರುತ್ತಿತ್ತು. “ಇವತ್ತು ಸಾಕು, ಮಾಲೀಸು ಮಾಡಿಸ್ಕೊಂಡು ಮಲ್ಕೋ ಹೋಗು” ಎನ್ನುವ ಅಧಿಕಾರ ಅವನೊಬ್ಬನಿಗೇ ಇತ್ತು. ಗರಡಿಯನ್ನು ದಿನನಿತ್ಯದ ಕಸರತ್ತಿನ ಜಾಗ ಎಂದಷ್ಟೇ ನೆನೆಯುವವರು ಉಸ್ತಾದನನ್ನು ಮರೆಯುತ್ತಾರೆ.

ಸ್ವಾತಂತ್ರ್ಯ ಚಳವಳಿ ಬಂದಾಗ ಮೈ ಕಟ್ಟುವುದಕ್ಕೆ ಹೊಸ ಅರ್ಥ ಬಂತು. ಹುಬ್ಬಳ್ಳಿಯ ನಾ. ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಕವಾಯತು, ಸಾಲುನಡಿಗೆ, ಶಿಸ್ತು ಸ್ವಯಂಸೇವಕರ ದಿನಚರಿಯಾಯಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಏಕೈಕ ಕನ್ನಡಿಗ. ಆಗ ಅವರ ವಯಸ್ಸು ಹದಿನೆಂಟು. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ತಂಡ ಏಪ್ರಿಲ್ 5ರಂದು ದಂಡಿ ಮುಟ್ಟಿತು. ಸುಮಾರು 240 ಮೈಲಿ ದಾರಿ, ದಿನಕ್ಕೆ ಹತ್ತು ಮೈಲಿಯ ಆಸುಪಾಸು. ಸೋಮವಾರ ಗಾಂಧೀಜಿಯ ಮೌನದ ದಿನ, ನಡಿಗೆಗೆ ಬಿಡುವು. ಅರವತ್ತು ದಾಟಿದ ಒಬ್ಬ ಮುದುಕನೂ ಹದಿನೆಂಟರ ತರುಣನೂ ಒಂದೇ ಸಾಲಿನಲ್ಲಿ ಅಷ್ಟು ದೂರ ನಡೆಯಲು ಆಶ್ರಮದ ಶ್ರಮಜೀವನದ ಜೊತೆಗೆ ಈ ಲೆಕ್ಕವೂ ಕಾರಣ: ಹಿತಮಿತದ ದೂರ, ವಾರಕ್ಕೊಂದು ವಿಶ್ರಾಂತಿ. ಚಳವಳಿಯ ಚರಿತ್ರೆಯಲ್ಲಿ ಈ ವಿವರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಅದೇ ದಶಕಗಳಲ್ಲಿ ಶಾಲೆಗಳಲ್ಲಿ ಡ್ರಿಲ್ ಬೇರೂರಿತು. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ಶಾಲೆ ದೈಹಿಕ ಶಿಕ್ಷಕರ ವೃತ್ತಿಯನ್ನೇ ಹುಟ್ಟುಹಾಕಿತು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಸೂರ್ಯನಮಸ್ಕಾರವನ್ನು ಮನೆಮನೆಯ ನಿತ್ಯಕರ್ಮವಾಗಿಸಲು ಶ್ರಮಿಸಿದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ವ್ಯಾಯಾಮಶಾಲೆಯಲ್ಲಿ ಕೂಡಿಸಿದರು. ‘ಶಾಂತಲಾ’ ಕಾದಂಬರಿಯ ಕರ್ತೃವಾಗಿ ಸಾಹಿತ್ಯದ ಓದುಗರಿಗೆ ಗೊತ್ತಿರುವ ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ದೂರದ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಶಾಲೆಯ ಡ್ರಿಲ್ಲಿನಲ್ಲಿ ಎಲ್ಲರಿಗೂ ಒಂದೇ ಎಣಿಕೆ. ಅಯ್ಯರ್ ಅವರ ಶಾಲೆಯಲ್ಲಿ ಮೈಯ ಅಳತೆ ತೆಗೆದು ಶಿಷ್ಯನ ಬೆಳವಣಿಗೆ ನೋಡುವ ಪದ್ಧತಿ. ನಮ್ಮ ಶಾಲೆಗಳು ಆರಿಸಿಕೊಂಡದ್ದು ಮೊದಲನೆಯದನ್ನು. ಒಬ್ಬ ಮಾಸ್ತರನಿಗೆ ನೂರಾರು ಮಕ್ಕಳಿರುವಾಗ ಅದು ಅನಿವಾರ್ಯವೂ ಆಗಿತ್ತೇನೋ.

ಉಸ್ತಾದ ಕಣ್ಣಳತೆಯಿಂದ ಮಾಡುತ್ತಿದ್ದುದಕ್ಕೆ ಅಂಕಿ ಕೊಟ್ಟಿದ್ದು ಪಶ್ಚಿಮದ ಪ್ರಯೋಗಾಲಯಗಳು ಮತ್ತು ಮಿಲಿಟರಿ ಆಸ್ಪತ್ರೆಗಳು. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲು ಮುರಿದುಕೊಂಡ ಅಮೆರಿಕದ ಸೈನಿಕರು ತಿಂಗಳುಗಟ್ಟಲೆ ಹಗುರ ವ್ಯಾಯಾಮ ಮಾಡಿದರೂ ತೊಡೆಯ ಬಲ ಮರಳುತ್ತಿರಲಿಲ್ಲ. ಥಾಮಸ್ ಡಿಲಾರ್ಮ್ ಎಂಬ ವೈದ್ಯ ಅವರಿಂದ ಭಾರ ಎತ್ತಿಸಿದರು, ಶಕ್ತಿ ಏರಿದಂತೆ ಭಾರವನ್ನೂ ಏರಿಸಿದರು. 1945ರಲ್ಲಿ ಪ್ರಕಟವಾದ ಅವರ ಲೇಖನದಿಂದ ಮತ್ತು 1948ರಲ್ಲಿ ವಾಟ್ಕಿನ್ಸ್ ಜೊತೆ ರೂಪಿಸಿದ ಕ್ರಮದಿಂದ ಇವತ್ತಿನ ಜಿಮ್ಮಿನ ‘ಹತ್ತರಂತೆ ಮೂರು ಸೆಟ್’ ಬಂತು. ಹತ್ತು ಸಲ ಎತ್ತಬಲ್ಲ ಗರಿಷ್ಠ ಭಾರದ ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ.

ಭಾರ ಏರಿಸಿದರೆ ಬಲ ಏಕೆ ಏರಬೇಕು? ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ದೇಹ ಒತ್ತಡಕ್ಕೆ ಸ್ಪಂದಿಸುವ ಹಂತಗಳನ್ನು ಗುರುತಿಸಿದ್ದರು: ಮೊದಲು ತತ್ತರಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ, ಒತ್ತಡ ಬಿಡದೆ ಮುಂದುವರಿದರೆ ಸೋಲುತ್ತದೆ. ಸೋವಿಯತ್ ತಜ್ಞರು ಇದನ್ನು ಕ್ರೀಡೆಗೆ ಬಗ್ಗಿಸಿಕೊಂಡರು. ವರ್ಷವನ್ನು ಹಂತಗಳಾಗಿ ಒಡೆದು ಭಾರ ಏರಿಳಿಸುವ ಕ್ರಮವನ್ನು ಮತ್ವೆಯೆವ್ 1960ರ ದಶಕದಲ್ಲಿ ಗ್ರಂಥಕ್ಕಿಳಿಸಿದರು. ಬಲ ಕೂಡುವುದು ಶ್ರಮದ ಹೊತ್ತಿನಲ್ಲಲ್ಲ, ಆಮೇಲಿನ ವಿಶ್ರಾಂತಿಯಲ್ಲಿ ಎಂಬುದು ಇದರ ತಿರುಳು. ಇದನ್ನು ಬೆಂಬಲಿಸುವ ಒಂದು ಪುರಾವೆ ಸಿಕ್ಕಿದ್ದು 1995ರಲ್ಲಿ. ಕೆನಡಾದ ಮ್ಯಾಕ್‌ಡೂಗಲ್ ತಂಡ ಭಾರ ಎತ್ತಿದ ತೋಳಿನ ಸ್ನಾಯುವನ್ನು ಪರೀಕ್ಷಿಸಿತು. ನಾಲ್ಕು ಗಂಟೆಗೆ ಪ್ರೋಟೀನ್ ಕಟ್ಟುವ ವೇಗ ಶೇ 50ರಷ್ಟು ಹೆಚ್ಚಿತ್ತು, 24 ಗಂಟೆಗೆ ಶೇ 109ರಷ್ಟು. 36 ಗಂಟೆ ಹೊತ್ತಿಗೆ ಬಹುತೇಕ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಉಸ್ತಾದನ “ಮಲ್ಕೋ ಹೋಗು” ಎಂಬ ಮಾತಿಗೆ ಸಿಕ್ಕ ಸಾಕ್ಷಿ ಇದು.

ಓಟದಲ್ಲಿ ಇದೇ ಬದಲಾವಣೆ ಇನ್ನೊಂದು ದಾರಿಯಿಂದ ಬಂತು. ಜರ್ಮನಿಯ ತರಬೇತುದಾರ ಗೆರ್ಶ್ಲರ್ ಓಟಗಾರರಿಂದ ಸಣ್ಣ ದೂರವನ್ನು ವೇಗವಾಗಿ ಓಡಿಸಿ, ನಾಡಿ 180ರ ಸುತ್ತ ಏರಿದ ಮೇಲೆ ನಿಲ್ಲಿಸಿ, ಅದು 120ರ ಆಸುಪಾಸಿಗೆ ಇಳಿದ ಮೇಲೆ ಮತ್ತೆ ಓಡಿಸುತ್ತಿದ್ದರು. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಝಾಟೊಪೆಕ್ 400 ಮೀಟರಿನ ಸುತ್ತುಗಳನ್ನು ಮತ್ತೆ ಮತ್ತೆ ಓಡಿಯೇ ಬೆಳೆದವನು. ಝಾಟೊಪೆಕ್ ಹೆಚ್ಚುಕಡಿಮೆ ದಿನಾ ಓಡುತ್ತಿದ್ದ. ದಿನಾ ಮಾಡುವುದು ತರಬೇತಿ ಆಗಲಾರದು ಎನ್ನುವವರು ಇವನನ್ನು ಮರೆಯಬಾರದು.

ಅದೇ ಹೆಲ್ಸಿಂಕಿಯಲ್ಲಿ ನಮ್ಮ ಗಡಿಯಾಚೆಯ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಕೆಂಪು ಮಟ್ಟಿಯಲ್ಲಿ ಪಳಗಿದ ಅವರಿಗೆ 1948ರ ಲಂಡನ್ನಿನಲ್ಲಿ ಮ್ಯಾಟು ಹೊಸದು. ಆಗ ಆರನೆಯ ಸ್ಥಾನ ಬಂದಿತ್ತು. ಯಾವ ಪಂದ್ಯಕ್ಕೆ ಇಳಿಯುತ್ತೇವೋ ಅದಕ್ಕೆ ತಕ್ಕಂತೆ ಮೈ ಪಳಗಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ಇಲ್ಲಿಯವರೆಗಿನದು ಗೆಲ್ಲುವವರ ಕಥೆ. 1953ರಲ್ಲಿ ಇನ್ನೊಂದು ಕಥೆ ಶುರುವಾಯಿತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಕೂತೇ ಇರುವ ಚಾಲಕರಿಗೆ ಹೆಚ್ಚು ಎಂದು ಸಂಶೋಧಕ ಜೆರ್ರಿ ಮಾರಿಸ್ ತೋರಿಸಿದರು. ಕಂಡಕ್ಟರುಗಳಿಗೆ ಗುರಿಯಿರಲಿಲ್ಲ, ಕ್ರಮವಿರಲಿಲ್ಲ, ಉಸ್ತಾದನೂ ಇರಲಿಲ್ಲ. ಆದರೂ ಫಲ ಸಿಕ್ಕಿತ್ತು. ಅಲ್ಲಿಂದ ಈ ವಿದ್ಯೆ ಎರಡು ಕವಲಾಯಿತು. 1978ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಕಾಲೇಜು ಹೇಳಿದ್ದು ಕಸುವು ಬೆಳೆಸುವವರ ಲೆಕ್ಕ: ವಾರಕ್ಕೆ ಮೂರರಿಂದ ಐದು ದಿನ, ಸಾಕಷ್ಟು ಬಿರುಸಾಗಿ. 1985ರಲ್ಲಿ ಕ್ಯಾಸ್ಪರ್ಸನ್ ಮತ್ತು ಜೊತೆಗಾರರು ಮೈಯ ಚಲನೆ, ಯೋಜಿತ ವ್ಯಾಯಾಮ, ದೇಹದ ಕಸುವು ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕೆಂದರು. 1995ರಲ್ಲಿ ಅದೇ ಕಾಲೇಜು ಸರ್ಕಾರಿ ಆರೋಗ್ಯ ಸಂಸ್ಥೆಯೊಡನೆ ಸೇರಿ ಎಲ್ಲರಿಗೂ ಹೇಳಿದ್ದು, ಸಾಧ್ಯವಾದರೆ ದಿನಾ, ಅರ್ಧ ಗಂಟೆ, ಹಿತವಾದ ವೇಗದಲ್ಲಿ. ನಮ್ಮ ವೈದ್ಯರು ಬರೆದುಕೊಡುವ ‘ದಿನಾ ಅರ್ಧ ತಾಸು ವಾಕಿಂಗ್’ ಬಂದದ್ದು ಇಲ್ಲಿಂದ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ವಾರಕ್ಕೆ 150ರಿಂದ 300 ನಿಮಿಷ ಎನ್ನುತ್ತದೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವನ್ನು ಸೇರಿಸುತ್ತದೆ. ನಮ್ಮ ವಾಕಿಂಗ್ ಬಳಗಗಳು ಈ ಎರಡನೆಯ ಭಾಗವನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿವೆ.

ಬ್ಯಾಡಗಿಯವರಿಗೆ ಮಾರಿಸ್ ಕಥೆ ಕೇಳಿದೊಡನೆ ಒಂದು ಪ್ರಶ್ನೆ ಏಳಬೇಕು. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು ಬೆಳಗಿನಿಂದ ಚೀಲ ಹೊರುತ್ತಾರೆ. ಸೋಮವಾರ, ಗುರುವಾರ ಟೆಂಡರಿನ ದಿನ, ಸುಗ್ಗಿಯಲ್ಲಂತೂ ಬಿಡುವೇ ಇಲ್ಲ. ಅವರಿಗಿಂತ ಹೆಚ್ಚು ಮೈ ದುಡಿಸುವವರು ಯಾರಿದ್ದಾರೆ? ಹಾಗಾದರೆ ಅವರ ಹೃದಯ, ಬೆನ್ನು, ಮೊಣಕಾಲು ಎಲ್ಲರಿಗಿಂತ ಗಟ್ಟಿಯಾಗಿರಬೇಕಲ್ಲ? ಡೆನ್ಮಾರ್ಕಿನ ಹೋಲ್ಟರ್ಮನ್ ಮತ್ತು ಜೊತೆಗಾರರು ಕಳೆದ ದಶಕದಿಂದ ಕೆದಕುತ್ತಿರುವುದು ಇದನ್ನೇ. ಬಿಡುವಿನ ವೇಳೆಯ ವ್ಯಾಯಾಮ ಹೃದಯವನ್ನು ಕಾಪಾಡಿದಂತೆ ಹೊಟ್ಟೆಪಾಡಿನ ಭಾರದ ದುಡಿಮೆ ಕಾಪಾಡುವುದಿಲ್ಲ, ಹಲವು ಅಧ್ಯಯನಗಳಲ್ಲಿ ಕೇಡೇ ಹೆಚ್ಚು ಕಂಡಿದೆ. ಬಡತನ, ಧೂಮಪಾನದಂಥ ಬೇರೆ ಕಾರಣಗಳೂ ಇದರಲ್ಲಿ ಸೇರಿವೆ ಎಂದು ವಾದಿಸುವವರಿದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಹಮಾಲನ ದಿನವನ್ನು ತರಬೇತಿಯ ನಿಯಮಗಳ ಪಕ್ಕಕ್ಕೆ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅವನ ಭಾರ ಎಷ್ಟೆಂದು ನಿರ್ಧರಿಸುವುದು ಅವನ ಮೈಯಲ್ಲ, ಆವಕ. ಬಲ ಏರಿತೆಂದು ಭಾರ ಏರುವುದಿಲ್ಲ, ನೋವು ಬಂತೆಂದು ಇಳಿಯುವುದೂ ಇಲ್ಲ. ದಣಿದಾಗ ಕೂತರೆ ಕೂಲಿ ತಪ್ಪುತ್ತದೆ. ಮೇಲೆ ಮೆಣಸಿನಕಾಯಿಯ ಘಾಟು, ದೂಳು. ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಿದ್ದರೆ ಅದನ್ನು ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಅವರ ಕೆಲಸವನ್ನು ‘ಒಳ್ಳೆ ಎಕ್ಸರ್ಸೈಜು’ ಎಂದು ಹೊಗಳುವುದನ್ನು ನಾವು ನಿಲ್ಲಿಸಬೇಕು. ಅವರಿಗೆ ಬೇಕಾದದ್ದು ಹಗುರ ಚೀಲ, ಕೈಗಾಡಿ ಮತ್ತು ವಿಶ್ರಾಂತಿ.

ಇದಕ್ಕೆ ಎದುರಾಗಿ ನಮ್ಮ ರೈತರು ಹೋರಿಯನ್ನು ಹೇಗೆ ಸಾಕುತ್ತಾರೆ ನೋಡಿ. ದೀಪಾವಳಿಯ ಬಲಿಪಾಡ್ಯಮಿಯಿಂದ ಈ ಜಿಲ್ಲೆಯ ಊರೂರಲ್ಲಿ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಗೆ ಬಿಡುವ ಹೋರಿಯನ್ನು ಬೇಸಾಯಕ್ಕೆ ಹೂಡಿ ದಣಿಸುವುದಿಲ್ಲ. ಕೆರೆಯಲ್ಲಿ ಈಜಿಸುತ್ತಾರೆ, ನಡೆಸುತ್ತಾರೆ, ಹುರುಳಿ, ಹತ್ತಿಕಾಳು, ಹಿಂಡಿ ಲೆಕ್ಕ ಹಾಕಿ ತಿನ್ನಿಸುತ್ತಾರೆ. ದಿನಾ ಓಡಿಸಿದರೆ ಹೋರಿ ಓಡುವುದನ್ನು ಕಲಿಯುತ್ತದೆ ಎಂದು ಯಾವ ಮಾಲೀಕನೂ ಭಾವಿಸುವುದಿಲ್ಲ. ಹೋರಿಗೆ ಸಿಗುವ ಈ ವಿವೇಕ ಮನೆಯ ಮಗನಿಗೂ ಸಿಗಬೇಕು.

ಮೈದಾನದ ಹುಡುಗರಿಗೆ ಮರಳೋಣ. ದಿನಾ ಐದು ಕಿಲೋಮೀಟರನ್ನು ಒಂದೇ ವೇಗದಲ್ಲಿ ಓಡುವವನ ಮೈ ಮೊದಲ ಆರೆಂಟು ವಾರ ಬದಲಾಗುತ್ತದೆ, ಆಮೇಲೆ ಆ ಕೆಲಸಕ್ಕೆ ಒಗ್ಗಿ ನಿಲ್ಲುತ್ತದೆ. ಟೈಮು ಇಳಿಯದಿರುವುದು ಇದಕ್ಕೆ. ಆಗ ಹುಡುಗ ಮಾಡುವುದೇನೆಂದರೆ ಇನ್ನೊಂದು ಹೊತ್ತೂ ಓಡುವುದು, ಅದೂ ಡಾಂಬರಿನ ಮೇಲೆ, ತೆಳು ಅಟ್ಟೆಯ ಶೂ ಹಾಕಿಕೊಂಡು. ಮೊಣಕಾಲ ಕೆಳಗಿನ ಎಲುಬು ನೋಯಲು ತೊಡಗುತ್ತದೆ. ಇದು ಹೊಸ ರೋಗವಲ್ಲ. ದಿನಾ ಕವಾಯತು ಮಾಡುವ ಸೈನಿಕರ ಪಾದ ಊದಿಕೊಳ್ಳುವುದನ್ನು ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯಾದ ಸೇನಾವೈದ್ಯ 1855ರಲ್ಲೇ ದಾಖಲಿಸಿದ್ದ. ಒಳಗೆ ಎಲುಬು ಬಿರುಕು ಬಿಟ್ಟಿರುತ್ತದೆ ಎಂಬುದು ಕ್ಷಕಿರಣ ಬಂದ ಮೇಲೆ ತಿಳಿಯಿತು. ಭರ್ತಿಗೆ ಎರಡು ವಾರ ಇರುವಾಗ ಕುಂಟುತ್ತಾ ಮನೆಗೆ ಹೋಗುವ ಹುಡುಗನ ಕಷ್ಟ ಅವನೊಬ್ಬನದಲ್ಲ, ಅವನನ್ನೇ ನೆಚ್ಚಿದ ಇಡೀ ಮನೆಯದು.

ಸಂಶೋಧಕ ಹಿಕ್ಸನ್ ಅವರ ತಂಡ 1981ರಲ್ಲಿ ತೋರಿಸಿದ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ವಾರಕ್ಕೆ ಆರು ದಿನದಂತೆ ಹತ್ತು ವಾರ ಬಿರುಸಾಗಿ ಪಳಗಿದವರು ಆಮೇಲೆ ವಾರಕ್ಕೆ ನಾಲ್ಕು ಅಥವಾ ಎರಡೇ ದಿನಕ್ಕೆ ಇಳಿದರೂ, ಬಿರುಸು ಬಿಡದಿದ್ದರೆ, ಗಳಿಸಿದ ಉಸಿರಿನ ಶಕ್ತಿಯನ್ನು ಹದಿನೈದು ವಾರ ಕಾಯ್ದುಕೊಂಡರು. ದಿನಗಳ ಲೆಕ್ಕಕ್ಕಿಂತ ಆ ದಿನ ಮಾಡುವ ಕೆಲಸದ ತೂಕ ದೊಡ್ಡದು.

ನನ್ನ ತೀರ್ಪು ಇಷ್ಟು. ಆರೋಗ್ಯಕ್ಕಾಗಿ ನಡೆಯುವವರು ದಿನಾ ನಡೆಯಲಿ, ಅದನ್ನು ತರಬೇತಿ ಎಂದು ಕರೆಯಬೇಕಾದ ಅಗತ್ಯವೇ ಅವರಿಗಿಲ್ಲ. ಗಡುವಿನೊಳಗೆ ಗುರಿ ಮುಟ್ಟಬೇಕಾದವರಿಗೆ ದಿನಾ ಬರುವುದು ಸಾಲದು. ಇವತ್ತಿನ ಓಟ ನಿನ್ನೆಯದಕ್ಕಿಂತ ಏಕೆ ಬೇರೆ ಎಂದು ಹೇಳಲು ಬರಬೇಕು. 6 ನಿಮಿಷ 30 ಸೆಕೆಂಡಿನ ಗುರಿಯಿದ್ದವನು ವಾರಕ್ಕೆರಡು ದಿನ 400 ಮೀಟರಿನ ಸುತ್ತುಗಳನ್ನು 92ರಿಂದ 95 ಸೆಕೆಂಡಿನಲ್ಲಿ ಓಡಲಿ. ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಲಿ. ನಾಲ್ಕು ಸುತ್ತಿನಿಂದ ಶುರುಮಾಡಿ ವಾರ ಕಳೆದಂತೆ ಎಂಟರವರೆಗೆ ಏರಲಿ. ಒಂದು ದಿನ ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ದೂರದ ಓಟ, ಒಂದೆರಡು ದಿನ ಬಸ್ಕಿ, ದಂಡ, ಪುಲ್‌ಅಪ್. ಮಣ್ಣಿನ ನೆಲ ಆರಿಸಿಕೊಳ್ಳಲಿ. ಒಂದು ದಿನ ಪೂರ್ತಿ ವಿಶ್ರಾಂತಿ. ಮೂರ್ನಾಲ್ಕು ವಾರಕ್ಕೊಮ್ಮೆ 1,600 ಮೀಟರು ಅಳೆದು ಓಡಿ, ತಾರೀಖು ಹಾಕಿ ಬರೆದಿಡಲಿ.

ಇದನ್ನು ಹೇಳಿಕೊಡಬಲ್ಲವರು ನಮ್ಮ ಮೂರೂ ಊರುಗಳಲ್ಲಿ ಇದ್ದಾರೆ: ನಿವೃತ್ತ ದೈಹಿಕ ಶಿಕ್ಷಕರು, ಸೇನೆಯಿಂದ ಮರಳಿದವರು, ಹಳೆಯ ಪೈಲ್ವಾನರು. ಹಣ ಕೊಟ್ಟು ಅಕಾಡೆಮಿ ಸೇರಲಾಗದ ಹುಡುಗ ಹುಡುಗಿಯರೇ ನಮ್ಮ ಮೈದಾನಗಳಲ್ಲಿ ಹೆಚ್ಚು. ಹುಡುಗಿಯರಿಗಂತೂ ನಸುಕಿನಲ್ಲಿ ದೀಪವಿರುವ ಟ್ರ್ಯಾಕು, ಜೊತೆಗೊಬ್ಬ ಹಿರಿಯರು ಇಲ್ಲದಿದ್ದರೆ ಓಟವೇ ಇಲ್ಲ. ವಾರಕ್ಕೆ ಎರಡು ಬೆಳಗು, ಕೈಯಲ್ಲೊಂದು ಸ್ಟಾಪ್‌ವಾಚ್ ಹಿಡಿದು ನಿಮ್ಮ ಊರಿನ ಮೈದಾನಕ್ಕೆ ಬನ್ನಿ ಎಂದು ಆ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ.